ಕುಗ್ಗಲು ಬಿಟ್ಟ ಗಾಯ

ಗಾಜಿನ ಬಾಗಿಲು ಒಡೆದು ಮಗಳ ಕೆನ್ನೆ ಸೀಳಿದ ದಿನ, ಆಸ್ಪತ್ರೆಯವರ ಹೊಲಿಗೆ ನೋಡಿ ಟೈಲರ್ ಅಪ್ಪ ತಲೆದೂಗಿದ್ದ. “ಕೈ ಪಳಗಿದೆ. ನಮ್ಮಂಗಡಿಗೆ ಬಂದ್ರೆ ಗುಂಡಿಗೆ ಕಾಜಾ ಹಾಕೋ ಕೆಲಸ ಕೊಡಬಹುದು” ಎಂದು, ಅಳುತ್ತಿದ್ದವಳನ್ನು ನಗಿಸಿದ್ದ.

ಹೊಲಿಗೆ ಬಿಚ್ಚಿದ ಡಾಕ್ಟರಮ್ಮ, ಗಾಯ ಕೂಡಿಕೊಂಡ ಕೂಡಲೇ, ಕೆಂಪು ಆರುವ ಮೊದಲೇ ಲೇಸರ್ ಶುರು ಮಾಡೋಣ, ಕಲೆ ಗಟ್ಟಿಯಾಗದಂತೆ ತಡೆಯಲು ಅದೇ ಸಮಯ ಎಂದು ಹೇಳಿ ಕಳಿಸಿದ್ದರು. ಅಪ್ಪನಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ನೀರಿಗೆ ಹಾಕಿ ಕುಗ್ಗಿಸದ ಬಟ್ಟೆಗೆ ಅವನು ಜನ್ಮದಲ್ಲಿ ಕತ್ತರಿ ಇಟ್ಟವನಲ್ಲ. ಗಿರಾಕಿ ತಲೆ ಮೇಲೆ ಕೂತರೂ ಸರಿ, ಬಟ್ಟೆ ಮೊದಲು ಬಕೆಟ್ಟಿಗೆ, ಆಮೇಲೆ ತಂತಿಗೆ, ಕೊನೆಗೆ ಮೇಜಿಗೆ.

“ಹಸಿ ಚರ್ಮ ಕಣಮ್ಮ. ಕುಗ್ಗೋದೆಲ್ಲ ಕುಗ್ಗಲಿ. ಆಮೇಲೆ ಒಂದೇ ಸಲ ಸರಿಮಾಡಿಸೋಣ.”

ಮಗಳು ಹೂಂ ಅಂದಳು. ಅಪ್ಪ ಹೊಲಿದ ಬಟ್ಟೆ ಯಾವತ್ತೂ ಅವಳ ಮೈಗೆ ಬಿಗಿದಿರಲಿಲ್ಲ.

ಗಾಯ ಕುಗ್ಗಿತು. ಕುಗ್ಗುತ್ತಾ ಕುಗ್ಗುತ್ತಾ ತುಟಿಯಂಚನ್ನು ಮೇಲಕ್ಕೆಳೆದುಕೊಂಡಿತು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ಅವಳು ಈಗ ಸದಾ ಅರ್ಧ ನಕ್ಕಂತೆ ಕಾಣುತ್ತಿದ್ದಳು. ಮಗುವಿನ ಚೀಟಿ ಹಿಡಿದು ಬಂದ ತಾಯಿಯೊಬ್ಬಳು, “ಇದ್ರಲ್ಲಿ ನಗೋದೇನಿದೆ?” ಎಂದು ಕೇಳಿದ ಮೇಲೆ ಮಾಲೀಕರು ಅವಳನ್ನು ಹಿಂದಿನ ಕೋಣೆಗೆ, ಡಬ್ಬಿ ಜೋಡಿಸಲು ಹಾಕಿದರು. ಬೈಯಲಿಲ್ಲ, ಅಲ್ಲಿ ತಂಪಾಗಿರುತ್ತೆ ಅಂದರು.

ವರ್ಷ ಕಳೆದ ಮೇಲೆ ಅವಳೊಬ್ಬಳೇ ಡಾಕ್ಟರಮ್ಮನ ಹತ್ತಿರ ಹೋದಳು. ಅವರು ಕಲೆಯನ್ನು ಬೆರಳಲ್ಲಿ ಒತ್ತಿ ನೋಡಿದರು. ಈಗ ಲೇಸರ್ ಮಾಡಿದರೆ ಬಣ್ಣ ಒಂದಿಷ್ಟು ತಿಳಿಯಾದೀತು, ತುಟಿಯ ಎಳೆತ ಬಿಡುವುದಿಲ್ಲ, ಮತ್ತೆ ಕೊಯ್ದರೂ ಇನ್ನಷ್ಟು ದಪ್ಪಗೆ ಕೂಡಿಕೊಳ್ಳುವ ಚರ್ಮ ನಿನ್ನದು ಎಂದರು. ಆಗಲೇ ಬರಬೇಕಿತ್ತು ಎಂಬ ಮಾತನ್ನು ಅವರು ಕೊನೆಯಲ್ಲಿ, ಕೈ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡು ಹೇಳಿದರು.

ದಾರಿಯುದ್ದಕ್ಕೂ ಅವಳು ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಬಂದಳು. ಅಂಗಡಿಗೆ ಕಾಲಿಟ್ಟಾಗ ಅಪ್ಪ ಮಿಷನ್ ನಿಲ್ಲಿಸಿದ.

“ಏನಂದ್ರು?”

“ಮೊದಲೇ ಹೋಗಿದ್ರೂ ಇಷ್ಟೇ ಆಗ್ತಿತ್ತಂತೆ, ಅಪ್ಪ.”

ಅಪ್ಪ ಎದ್ದು ಬಂದು ಅವಳ ಗದ್ದ ಹಿಡಿದು ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿದ. ದಾರ ಎಲ್ಲಿ ಹಿಡಿದುಕೊಂಡಿದೆ ಎಂದು ಹುಡುಕುವವನ ಹಾಗೆ, ಹೆಬ್ಬೆರಳಿನಿಂದ ಕಲೆಯ ಮೇಲೆ ತುಟಿಯ ತನಕ ತೀಡಿದ.

“ಸುಳ್ಳು ಹೇಳುವಾಗ ನಗ್ತೀಯಲ್ಲೇ.”

“ನಗ್ತಾ ಇಲ್ಲಪ್ಪ.”

ಅವನ ಕೈ ಅಲ್ಲೇ ನಿಂತಿತು. ಹಿಂದುಗಡೆ ತಂತಿಯ ಮೇಲೆ ಯಾರದೋ ಹೊಸ ಬಟ್ಟೆ ತೊಟತೊಟ ನೀರಿಳಿಸುತ್ತಿತ್ತು.