ದಿವಾನಖಾನೆಯ ಅಡ್ಡಗೋಡೆ

ಆ ಗೋಡೆಯನ್ನು ಕಂಡ ದಿನವೇ ಅದಕ್ಕೊಂದು ಗತಿ ಕಾಣಿಸಬೇಕೆಂದು, ದುರಸ್ತಿಗೆಂದು ಬಂದಿದ್ದ ವಾಸ್ತುಶಿಲ್ಪಿ ನಿಶ್ಚಯಿಸಿಬಿಟ್ಟಿದ್ದಳು. ಸಿರಿವಂತ ಮನೆತನದ ಹಳೇ ಮನೆ. ಬೀದಿಗೆ ಕಲ್ಲಿನ ಕಮಾನು, ಒಳಗೆ ಎತ್ತರದ ದಿವಾನಖಾನೆ, ಚಾವಣಿಯ ತುಂಬ ಬಳ್ಳಿ, ಹಕ್ಕಿಗಳ ಚಿತ್ರ. ಹಿಂದೆ ಅಣ್ಣತಮ್ಮಂದಿರಿಬ್ಬರು ಮಾತು ಬಿಟ್ಟು, ಅದರ ನಟ್ಟನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದ್ದರು. ಚಾವಣಿಯ ನವಿಲಿನ ತಲೆ ಅಣ್ಣನ ಪಾಲಾಯಿತು, ಗರಿ ತಮ್ಮನ ಪಾಲಾಯಿತು.

ಈಗ ಅವರಿಬ್ಬರೂ ಇಲ್ಲ. ಅಣ್ಣನ ಮಗಳು, ತಮ್ಮನ ಮಗ ಒಂದಾಗಿ ಮನೆಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದರು. ಮಗಳು ದೊಡ್ಡವರು, ಅಕ್ಕ; ಮಗ ಚಿಕ್ಕವನು, ತಮ್ಮ. ಅಕ್ಕನದು ಒಂದೇ ಹಟ: "ಅಪ್ಪ ಕಣ್ಮುಚ್ಚುವಾಗಲೂ ಚಿಕ್ಕಪ್ಪನ ಮುಖ ನೋಡ್ಲಿಲ್ಲ. ಆ ಗೋಡೆ ನನ್ನ ಕಣ್ಣೆದುರಿಗೇ ಬೀಳ್ಬೇಕು."

ಕೆಡವುವ ದಿನ ಇಬ್ಬರೂ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ಮೇಸ್ತ್ರಿ ಗೋಡೆಯ ನೆತ್ತಿಯಿಂದ ಕೆಲವು ಇಟ್ಟಿಗೆ ತೆಗೆದಿದ್ದನಷ್ಟೇ, ಮೇಲಿನಿಂದ ಹಿಟ್ಟಿನಂಥ ಧೂಳು ಸುರಿಯಿತು.

"ನಿಲ್ಸಿ!" ವಾಸ್ತುಶಿಲ್ಪಿ ಏಣಿ ಹತ್ತಿದಳು. ಗೋಡೆಯ ಮೇಲೆ ಹುದುಗಿದ್ದ ತೊಲೆಗೆ ಉಳಿ ಚುಚ್ಚಿದರೆ ಹಿಡಿಯವರೆಗೂ ಇಳಿಯಿತು. ತುದಿಗಳು ಗಟ್ಟಿ, ನಡುವೆಲ್ಲ ಗೆದ್ದಲು. ಇನ್ನೆರಡು ಸಾಲು ತೆಗೆದಿದ್ದರೆ ನವಿಲು ಎಲ್ಲರ ತಲೆಯ ಮೇಲೆ ಕುಸಿಯುತ್ತಿತ್ತು.

"ಅಂದ್ರೆ, ಈ ಹಾಳು ಗೋಡೆನೇ ಚಾವಣಿ ಹೊತ್ಕೊಂಡಿದೆ ಅಂತೀಯೇನಮ್ಮ?" ಅಕ್ಕ ಕೇಳಿದರು.

"ಹೌದಮ್ಮ. ಕಬ್ಬಿಣದ ತೊಲೆ ಕೂರಿಸಿ ಗೋಡೆ ತೆಗೀಬಹುದು. ಆದ್ರೆ ಅಷ್ಟರಲ್ಲಿ ಚಿತ್ರದ ಗಾರೆ ಉದುರಿಹೋಗುತ್ತೆ."

"ಗೋಡೆ ಇರ್ಲಿ ಬಿಡಕ್ಕ," ಅಂದ ತಮ್ಮ.

"ನಿನಗೇನಪ್ಪ, ಗರಿ ನಿಮ್ಮ ಕಡೆಗಿತ್ತು!"

ಅವನು ನಕ್ಕ. ಅಕ್ಕ ನಗಲಿಲ್ಲ, ಎದ್ದು ಹೊರಟೇಹೋದರು. ಆಮೇಲೆ ಫೋನೂ ಎತ್ತಲಿಲ್ಲ.

ವಾಸ್ತುಶಿಲ್ಪಿ ನಿದ್ದೆಗೆಟ್ಟಳು. ಗೋಡೆ ಈ ಮನೆಗೆ ಮೆತ್ತಿಕೊಂಡ ಕೊಳೆ ಎಂದೇ ಅವಳು ತಿಳಿದಿದ್ದಳು. ಮನೆ ಉಳಿಸುವುದೆಂದರೆ ಅದರ ಚೆಂದವನ್ನಷ್ಟೇ ಉಳಿಸುವುದೇ? ಜಗಳವೂ ಇಲ್ಲೇ ಬಾಳಿತಲ್ಲ?

ಒಂದು ಬೆಳಿಗ್ಗೆ ಅಕ್ಕ ತಾವಾಗಿಯೇ ಬಂದು ಗೋಡೆಗೆ ಅಂಗೈ ಊರಿ ನಿಂತರು. ತಮ್ಮನೂ ಜೊತೆಗಿದ್ದ.

"ಚಿಕ್ಕವಳಿದ್ದಾಗ ಇಲ್ಲಿ ಕಿವಿ ಇಟ್ಟು ಕೇಳ್ತಿದ್ದೆ ಕಣೋ. ಚಿಕ್ಕಮ್ಮ ಬೈಯೋದು, ನೀನು ರಾಗ ತೆಗೆಯೋದು."

"ನಾನೂ ಕೇಳ್ತಿದ್ದೆ. ದೊಡ್ಡಪ್ಪ ಒಬ್ರೇ ಇದ್ದಾಗ ಹಾಡ್ತಿದ್ರು."

ಅಕ್ಕ ತಟ್ಟನೆ ತಿರುಗಿದರು. "ಅಪ್ಪ? ಹಾಡ್ತಿದ್ರಾ? ನಮ್ಮ ಮುಂದೆ ಒಂದು ದಿನಾನೂ ಬಾಯಿ ಬಿಟ್ಟಿಲ್ವಲ್ಲೋ!"

"ನಮ್ಮಪ್ಪ ರೇಡಿಯೊ ಆರಿಸಿ ಅದನ್ನೇ ಕೇಳ್ತಾ ಕೂರ್ತಿದ್ರು," ಅಂದ ತಮ್ಮ.

ಅಕ್ಕ ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದು ಕೂತರು. ವಾಸ್ತುಶಿಲ್ಪಿ ಮೆಲ್ಲಗೆ ಕೇಳಿದಳು: "ಗೋಡೆ ಉಳಿಸಿ, ಒಂದು ಬದಿಗೆ ಕಮಾನು ಕಟ್ಟಿ ಬಾಗಿಲು ಬಿಡಿಸ್ಲಾ ಅಮ್ಮ? ಭಾರ ತಡೆಯುತ್ತೆ."

"ಬಿಡ್ಸು," ಅಂದರು ಅಕ್ಕ. "ಕದ ಮಾತ್ರ ಬೇಡ."