ಮುಕ್ತವಾಗಿ ಹೇಳಿ

ಎರಡು ದಿನದ ತರಬೇತಿ ಮುಗಿಸಿ ಬಂದ ಋಷಿಕೇಶನಿಗೆ ಇಡೀ ಭಾರತ ಅರ್ಥವಾಗಿಬಿಟ್ಟಿತ್ತು. ಇಪ್ಪತ್ತೇಳರ ಹುಡುಗ, ಹುಟ್ಟಿ ಬೆಳೆದದ್ದು ಲಂಡನ್ನಿನ ಸಟನ್‌ನಲ್ಲಿ. ಪರದೇಶದವರ ಜೊತೆ ಹೇಗೆ ಮಾತಾಡಬೇಕೆಂಬ ವಿದ್ಯೆಗೆ ಕಂಪನಿಯೇ ಅವನಿಗೆ ಪ್ರಮಾಣಪತ್ರ ಕೊಟ್ಟು, ಟೀಮಿನ ನಾಯಕನನ್ನಾಗಿ ಕೂರಿಸಿತ್ತು. ಕ್ಯಾನರಿ ವಾರ್ಫಿನ ಅದೇ ಆಫೀಸಿನಲ್ಲಿ ಹತ್ತೊಂಬತ್ತು ವರ್ಷ ಸವೆಸಿದ ಮೈಸೂರಿನ ಮೀರಾಗೆ ಮೂರು ವರ್ಷದಿಂದ ಬಡ್ತಿ ತಪ್ಪುತ್ತಿತ್ತು. ಕಾರಣ ಪ್ರತಿಸಲವೂ ಒಂದೇ: ಮೀಟಿಂಗಿನಲ್ಲಿ ಬಾಯಿ ಬಿಡುವುದಿಲ್ಲ.

ಬೆಳಿಗ್ಗೆ ಬೆಂಗಳೂರಿನ ತಂಡದೊಂದಿಗೆ ವಿಡಿಯೋ ಕಾಲ್. ಋಷಿಕೇಶ ಕಣ್ಣು ಮುಚ್ಚಿ, ಗರ್ಭಗುಡಿಯ ಮುಂದೆ ನಿಂತವನಂತೆ ಕೈಮುಗಿದು "ನಮಸ್ತೆ" ಎಂದ.

"ಹಾಯ್ ರಿಶಿ," ಎಂದ ಅಲ್ಲಿಯ ಮುಖ್ಯಸ್ಥ ಜಗನ್ನಾಥ.

ಶುಕ್ರವಾರ ಹೊಸ ಸಾಫ್ಟ್‌ವೇರ್ ಶುರುವಾಗಬೇಕು, ತೊಂದರೆಯಿದ್ದರೆ ಮುಕ್ತವಾಗಿ ಹೇಳಿ, ಎಂದು ಋಷಿಕೇಶ ಇಂಗ್ಲಿಷಿನಲ್ಲಿ ಕೇಳಿಕೊಂಡ. ಯಾರೂ ತುಟಿ ಬಿಚ್ಚಲಿಲ್ಲ. ತೊಂದರೆಯೇ ಇಲ್ಲದ ತಂಡವನ್ನು ಕಂಡು ಅವನ ಎದೆ ಉಬ್ಬಿತು.

ಜಗನ್ನಾಥ ಮೂರು ಸಲ ನೀರು ಕುಡಿದದ್ದನ್ನು ಮೀರಾ ನೋಡಿದ್ದಳು. ಆಮೇಲೆ ತಾನೇ ಫೋನ್ ಮಾಡಿದಳು. ಊಟ, ಅವನ ಅಮ್ಮನ ಮಂಡಿನೋವು, ಮಗಳ ಪರೀಕ್ಷೆ, ಎಲ್ಲ ಮುಗಿದ ಮೇಲೆ ಅವನು ದನಿ ತಗ್ಗಿಸಿದ.

"ಮೇಡಂ, ಟೆಸ್ಟಿಂಗ್ ಅರ್ಧನೂ ಆಗಿಲ್ಲ. ಶುಕ್ರವಾರ ಶುರು ಮಾಡಿದ್ರೆ ಎಲ್ಲಾ ಮಲಗಿಬಿಡತ್ತೆ."

"ಆಗ ಬಾಯಲ್ಲೇನು ಕಡುಬಿತ್ತಾ?"

"ಅಷ್ಟು ಜನರ ಮುಂದೆ ಹೆಂಗ್ ಹೇಳ್ಲಿ ಮೇಡಂ? ಪಾಪ, ಹುಡುಗ ಕೈ ಬೇರೆ ಮುಗಿದ."

ಮೀರಾ ಋಷಿಕೇಶನ ಮೇಜಿನ ಬಳಿ ಹೋಗಿ ಮೆಲ್ಲಗೆ ವಿಷಯ ತಿಳಿಸಿದಳು. ಅವನು ಕರುಣೆಯಿಂದ ನಕ್ಕು ಇಂಗ್ಲಿಷಿನಲ್ಲೇ ಹೇಳಿದ.

"ಹೀಗೆ ಪಕ್ಕಕ್ಕೆ ಕರೆದು ಹೇಳೋದು ಬೇಡ, ಮೀರಾ. ಏನಿದ್ರೂ ಮೀಟಿಂಗಲ್ಲಿ ಹೇಳಿ. ನೀವು ಬೆಳೆಯಬೇಕಾದ್ದು ಅಲ್ಲೇ."

ಬೆಳೆಯಬೇಕಂತೆ! ಅವಳ ಗೆಳತಿ ಶ್ರೀವಿದ್ಯಾಳ ಮಗ ಇವನು. ಟೂಟಿಂಗ್‌ನಲ್ಲಿ ಇವನ ನಾಮಕರಣವಾದಾಗ ತೊಟ್ಟಿಲು ತೂಗಿ ಹಾಡಿದವಳೇ ಮೀರಾ.

ಮೂರು ಗಂಟೆಯ ಮೀಟಿಂಗಿಗೆ ಕಂಪನಿಯ ಡೈರೆಕ್ಟರ್ ಬಂದು ಕೂತರು. "ಶುಕ್ರವಾರಕ್ಕೆ ಎಲ್ಲ ಸಿದ್ಧ," ಎಂದ ಋಷಿಕೇಶ. ಸುತ್ತ ತಲೆಗಳು ಆಡಿದವು. ಮೀರಾಳ ತಲೆಯೂ ಆಡಲು ಹೊರಟಿತ್ತು. ಗೆಳತಿ ಹೆತ್ತ ಮಗನ ಮಾನವನ್ನು ಹತ್ತು ಜನರೆದುರು ತೆಗೆಯುವುದೇ? ಶ್ರೀವಿದ್ಯಾಳಿಗೆ ಹೇಗೆ ಮುಖ ತೋರಿಸುವುದು? ಆದರೆ ಎಲ್ಲ ಕುಸಿದಾಗ ತಪ್ಪು ಬೀಳುವುದು ಜಗನ್ನಾಥನ ತಲೆಯ ಮೇಲೆ.

"ಇಲ್ಲ. ಟೆಸ್ಟಿಂಗ್ ಅರ್ಧವೂ ಆಗಿಲ್ಲ. ಶುಕ್ರವಾರ ಸಾಧ್ಯವಿಲ್ಲ."

ಹತ್ತೊಂಬತ್ತು ವರ್ಷ ಹೆದರಿದ್ದ ಭೂಕಂಪ ಆಗಲೇ ಇಲ್ಲ. ಡೈರೆಕ್ಟರ್ ಎರಡು ವಾರ ಮುಂದೂಡಿ, ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು.

ಲಿಫ್ಟಿನ ಬಳಿ ಋಷಿಕೇಶ ಓಡಿಬಂದ. ಆಫೀಸಿನಲ್ಲಿ ಹೆಸರು ಹಿಡಿದು ಕರೆಯುವವನ ಬಾಯಲ್ಲಿ ಈಗ ಕನ್ನಡವೇ ಬಂತು.

"ಆಂಟಿ, ಎಲ್ಲರ ಮುಂದೆ ಯಾಕೆ? ನಂಗೊಬ್ಬಂಗೆ ಹೇಳಬಹುದಿತ್ತಲ್ಲ?"

'ಸಾರಿ' ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತು. ಅಭ್ಯಾಸಬಲ. ಮೀರಾ ಅದನ್ನು ನುಂಗಿಕೊಂಡು ಲಿಫ್ಟಿನೊಳಗೆ ಹೆಜ್ಜೆಯಿಟ್ಟಳು.