ಎಣ್ಣಿ

ಹುಚ್ಚಪ್ಪ ಎಷ್ಟು ತಿಕ್ಕಿ ಮೈ ತೊಳೆದರೂ ಎಣ್ಣಿಯ ವಾಸನೆ ಹೋಗುತ್ತಿರಲಿಲ್ಲ. ಅದು ಹುಳಕ್ಕೆ ಹೊಡೆಯುವ ವಿಷ. ಹಂಸಭಾವಿ ಕಡೆಯ ಹೊಲಗಳಲ್ಲಿ ಎಲ್ಲರೂ ಅದನ್ನು ಎಣ್ಣಿ ಅಂತಲೇ ಕರೆಯುತ್ತಾರೆ. ಮೀಸೆ ಮೂಡಿದಾಗಿನಿಂದ ಅವನು ದ್ಯಾಮನಗೌಡರ ಸೌತೆಬೀಜ ಬೆಳೆಯುವ ಪ್ಲಾಟಿನಲ್ಲಿ ಅದನ್ನು ಸಿಂಪಡಿಸುವ ಪಂಪು ಹೊತ್ತವನು. ಪಂಪು ಸೋರುತ್ತಿತ್ತು. ಸೋರಿದ್ದು ಬೆನ್ನಿನಿಂದ ಇಳಿದು ಚಡ್ಡಿಯನ್ನೂ ತೋಯಿಸುತ್ತಿತ್ತು. ಕೈಗೆ ಗವಸು ಕೇಳಿದರೆ ಗೌಡರು, “ಯಾಕ, ಮದುಮಗ ಅದಿಯೇನ?” ಎಂದು ನಕ್ಕಿದ್ದರು. ಅವನು ಮುರಿದ ರೊಟ್ಟಿಗೂ ಅದೇ ವಾಸನೆ.

ಹೆಂಡತಿ ಫಕ್ಕೀರವ್ವನಿಗೂ ಅದೇ ಪ್ಲಾಟಿನಲ್ಲಿ ಕೆಲಸ. ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಮುಟ್ಟಿಸುವುದು. ಅವಳು ಮುಟ್ಟಿಸಿದ ಹೂಗಳು ಕಾಯಿ ಕಟ್ಟುತ್ತಿದ್ದವು. ಅವಳ ಹೊಟ್ಟೆ ಮಾತ್ರ ಕಟ್ಟಲಿಲ್ಲ. ಬಸುರಿ ನಾದಿನಿಯ ಕುಬಸದ ದಿನ ಅತ್ತೆ ಅವಳನ್ನು ಹಿತ್ತಲಲ್ಲಿ ಪಾತ್ರೆ ತಿಕ್ಕಲು ಕೂಡಿಸಿದಳು. ಉಡಿ ತುಂಬುವ ಹೊತ್ತಿಗೆ ಎದುರು ಬರಬೇಡ ಎಂದಳು.

ಹಿರೇಕೆರೂರಿನ ದವಾಖಾನೆಯಲ್ಲಿ ತಪಾಸಣೆಯೆಲ್ಲ ಅವಳಿಗೇ ಆಯಿತು. ರಕ್ತ ತೆಗೆದರು. ಸ್ಕ್ಯಾನ್ ಮಾಡಿದರು. ಗರ್ಭನಾಳ ತೆರೆದಿದೆಯೋ ನೋಡಲು ಒಳಗೆ ಔಷಧ ಬಿಟ್ಟರು. ಆ ದಿನ ಬಸ್ಸಿನಲ್ಲಿ ಸೀಟು ಸಿಗದೆ, ಕಿಬ್ಬೊಟ್ಟೆ ಹಿಡಿದುಕೊಂಡು ನಿಂತೇ ಬಂದಳು. ದೋಷವೇನೂ ಸಿಗಲಿಲ್ಲ. ಗಂಡನನ್ನು ಕರೆದುಕೊಂಡು ಬಾ ಎಂದು ಡಾಕ್ಟರಮ್ಮ ವಿಭಾ ಹೇಳಿದ್ದು ಆಮೇಲೆ. ಹುಚ್ಚಪ್ಪ ಒಲ್ಲೆ ಎಂದ, ಕೊನೆಗೆ ಬಂದ. ಡಬ್ಬಿ ಕೊಟ್ಟು ಪಾಯಖಾನೆಗೆ ಕಳಿಸಿದಾಗ ಅವನು ತಲೆ ಎತ್ತಲಿಲ್ಲ.

ಫಲಿತಾಂಶ ಕೇಳಲು ಹೋದ ದಿನ ಡಾಕ್ಟರ ಕೋಣೆಯಲ್ಲಿ ಗೌಡರೂ ಕೂತಿದ್ದರು. ದವಾಖಾನೆಯ ಕಟ್ಟಡ ಅವರದೇ. ಸ್ವಲ್ಪ ಹೊರಗೆ ಕೂಡಿರಿ ಎಂದು ಅವರಿಗೆ ಹೇಳುವವರು ಯಾರು? ಗಂಡಹೆಂಡತಿ ಗೋಡೆಗೆ ಅಂಟಿಕೊಂಡು ನಿಂತರು.

ಹುಚ್ಚಪ್ಪನ ವೀರ್ಯದಲ್ಲಿ ವೀರ್ಯಾಣು ಒಂದೂ ಇಲ್ಲ ಎಂದರು ಡಾಕ್ಟರು. ಅವರು ಮೈಸೂರು ಕಡೆಯವರು, ಈ ಸೀಮೆಗೆ ಹೊಸಬರು.

“ದಿನಾ ಏನು ಮಾಡ್ತೀಯಪ್ಪ? ಅಭ್ಯಾಸ ಏನಾದ್ರೂ ಇದ್ಯಾ?”

“ಎಣ್ಣಿ ಹೊಡಿತೇನ್ರಿ ಬಾಯಾರ.”

“ದಿನಾನಾ?”

“ದಿನಾ ರೀ. ಮುಂಜಾನಿ ಚಾಲೂ ಮಾಡಿದ್ರ ಹೊತ್ತು ಮುಳುಗೂ ತನಕ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ನಾಚಿಕೆ ಆಗಲ್ವಾ? ಅವಳ ಮೈಯೆಲ್ಲ ಚುಚ್ಚಿಸಿದ್ದೀಯಲ್ಲ.”

“ನಾಚಿಕಿ ಯಾಕ್ರಿ? ಗೌಡ್ರ ಹೊಡಸ್ತಾರ್ರಿ.”

ಡಾಕ್ಟರು ಗೌಡರತ್ತ ತಿರುಗಿದರು. ಮೈಸೂರು ಕಡೆ ಎಣ್ಣೆ ಹೊಡೆಯುವುದೆಂದರೆ ಸೆರೆ ಕುಡಿಯುವುದು. ಗೌಡರಿಗೆ ಅದು ಗೊತ್ತಿತ್ತು, ಅವರ ಮಗ ಓದಿದ್ದು ಅಲ್ಲೇ. ಅವರು ನಕ್ಕರು.

“ಏನ್ ಮಾಡೂದ್ರಿ ಡಾಕ್ಟ್ರ. ಈ ಮಂದಿಗೆ ಕುಡಿಯೂದು ಬಿಡಸಾಕ ಆ ದೇವ್ರ ಬರಬೇಕು.”

ಫಕ್ಕೀರವ್ವ ಗೋಡೆ ಬಿಟ್ಟು ಮುಂದೆ ಬಂದಳು. ಅವಳ ಗಂಡ ಸೆರೆ ಮುಟ್ಟಿದವನಲ್ಲ.

“ಇವ್ರು ಕುಡಿಯಂಗಿಲ್ರಿ ಬಾಯಾರ. ಎಣ್ಣಿ ಅಂದ್ರ ಹುಳದ ಎಣ್ಣಿ. ಗೌಡ್ರ ಪ್ಲಾಟಿಗೆ ಹೊಡಿಯೂದು. ಗೌಡ್ರಿಗೆ ಗೊತ್ತೈತಿ.”

ಡಾಕ್ಟರು ಮತ್ತೆ ಪೆನ್ನು ಎತ್ತಿಕೊಂಡರು. ಯಾವ ಎಣ್ಣೆ, ಮೈಮೇಲೆ ಬೀಳುತ್ತದೆಯೇ ಎಂದು ಕೇಳತೊಡಗಿದರು. ಗೌಡರು ಕೆಮ್ಮಿದರು. ಹೊರಗೆ ಭಾಳ ಮಂದಿ ಕಾಯುತ್ತಿದ್ದಾರೆ ಎಂದರು. ಡಾಕ್ಟರು ಕೇಳುವುದನ್ನು ಅಲ್ಲಿಗೇ ನಿಲ್ಲಿಸಿದರು.

ಫಕ್ಕೀರವ್ವ ಕದಲಲಿಲ್ಲ. “ಎಣ್ಣಿ ಹೊಡಿಯೂದು ಬಿಟ್ರ ಕೂಸು ಅಕ್ಕೈತೇನ್ರಿ?”

“ಬಿಟ್ಟು ನೋಡಿ,” ಎಂದರು ಡಾಕ್ಟರು ಮೇಜು ನೋಡುತ್ತ. “ಆಗಬಹುದು. ಆಗದೇನೂ ಇರಬಹುದು.” ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಅವರು ಬಸ್ಸು ಇಳಿಯುವ ಮೊದಲೇ ಗೌಡರ ಜೀಪು ಊರು ಸೇರಿತ್ತು. ಹುಚ್ಚಪ್ಪ ಕದ್ದು ಕುಡಿದು ಗಂಡಸುತನ ಕಳೆದುಕೊಂಡನಂತೆ ಎಂದು ಸಂಜೆಗೆ ಊರೆಲ್ಲ ಸುದ್ದಿ. ಕಟ್ಟೆಯ ಮೇಲಿನವರು ಖಾಲಿ ಬಾಟಲಿ ಎತ್ತಿ ಅವನನ್ನು ಕರೆದರು. ಹೆತ್ತ ತಾಯಿ ಅವನ ಬಾಯಿ ಮೂಸಿ ನೋಡಿದಳು. ಅವನು ಅಂದು ಉಣ್ಣಲಿಲ್ಲ.

ಮರುದಿನ ಮುಂಜಾನೆ ಎದ್ದು ಪಂಪಿಗೆ ಕೈ ಹಾಕಿದ. ಇರುವ ಮನೆ ಗೌಡರದು, ಬಿಟ್ಟರೆ ಎಲ್ಲಿಗೆ ಹೋಗುವುದು ಎಂದ. ಫಕ್ಕೀರವ್ವ ಕುಡುಗೋಲು ತಂದು ಪಂಪಿನ ಪಟ್ಟಿ ಕೊಯ್ದಳು. ಪಂಪನ್ನು ಎಳೆದುಕೊಂಡೇ ಪ್ಲಾಟಿಗೆ ಹೋದಳು. ಸಾಲಿನಲ್ಲಿ ಹೂ ಮುಟ್ಟಿಸುತ್ತಿದ್ದ ಹೆಂಗಸರ ನಡುವೆ ನಿಂತು ದವಾಖಾನೆಯಲ್ಲಿ ಆದದ್ದನ್ನೆಲ್ಲ ಹೇಳಿದಳು. ಕೈಗಳು ನಿಂತವು. ಅವರಲ್ಲೊಬ್ಬಳಾದ ದಿಲ್ಶಾದಳ ಗಂಡ ಫಯಾಜನೂ ಎಣ್ಣಿ ಹೊಡೆಯುವವನೇ. ಮಕ್ಕಳಾಗಲಿಲ್ಲವೆಂದು ದಿಲ್ಶಾದಳನ್ನು ಸವಣೂರಿನ ತವರಿಗೆ ಅಟ್ಟುವ ಮಾತು ಅವರ ಮನೆಯಲ್ಲಿ ನಡೆದಿತ್ತು. ಅವಳು ಕೈಯಲ್ಲಿದ್ದ ಹೂ ಬಿಸಾಕಿ ಗಂಡನಿದ್ದ ಕಡೆ ನಡೆದಳು.

ಗೌಡರು ಬಂದಾಗ ಪಂಪುಗಳೆಲ್ಲ ಬದುವಿನ ಮೇಲೆ ಬಿದ್ದಿದ್ದವು. ಎಣ್ಣಿ ಹೊಡೆಯುವವರು ಎಲ್ಲಿ ಸತ್ತರು ಎಂದು ಕೇಳಿದರು.

“ಡಾಕ್ಟರಬಾಯಾರು ಎಣ್ಣಿ ಬಿಡು ಅಂದಾರಂತಲ್ರಿ, ನಿಮ್ಮ ಮುಂದ,” ಎಂದಳು ದಿಲ್ಶಾದ. “ಎಲ್ಲಾರೂ ಬಿಟ್ಟಾರ್ರಿ ಗೌಡ್ರ.”

ಹೆಂಗಸರು ನಕ್ಕರು. ಗೌಡರೂ ನಕ್ಕರು. ನಕ್ಕು ಫೋನು ತೆಗೆದರು.

ಮಧ್ಯಾಹ್ನಕ್ಕೆ ರಟ್ಟೀಹಳ್ಳಿ ಕಡೆಯಿಂದ ಹೊಸ ಆಳು ಬಂದ. ಹುಚ್ಚಪ್ಪನ ಪಂಪಿಗೇ ಹಗ್ಗ ಕಟ್ಟಿ ಬೆನ್ನಿಗೇರಿಸಿದ. ಅದು ಸೋರಿ ಅವನ ಅಂಗಿ ತೋಯತೊಡಗಿತು. ಕೈಗೆ ಗವಸಿರಲಿಲ್ಲ. ಮಣಿಕಟ್ಟಿನಲ್ಲಿ ಮದುವೆಯ ಕಂಕಣ ಇನ್ನೂ ಅರಿಷಿಣದ ಬಣ್ಣದಲ್ಲಿಯೇ ಇತ್ತು.

ಫಕ್ಕೀರವ್ವ ಸಾಲು ದಾಟಿ ಬಂದು ಅವನಿಗೆ ಅಡ್ಡ ನಿಂತಳು. ಎಣ್ಣಿಯ ಹನಿಗಳು ಅವಳ ಮುಖಕ್ಕೆ ಸಿಡಿದವು. ಅವಳು ಒರೆಸಿಕೊಳ್ಳಲಿಲ್ಲ.

“ಪಂಪ ಇಳಸೋ ತಮ್ಮಾ,” ಎಂದಳು. “ಮದುಮಗ ಅದಿ ನೀನು.”